ಕಾಯಿಲೆಯ ಹೆಸರು ಎಷ್ಟನೇ ನಿಮಿಷಕ್ಕೆ ಬರಬೇಕು?

1936ರಲ್ಲಿ ಮಾರ್ಗರೆಟ್ ಮೀಡ್ ಮತ್ತು ಗ್ರೆಗರಿ ಬೇಟ್‌ಸನ್ ದಂಪತಿ ಕ್ಯಾಮೆರಾ ಹೊತ್ತುಕೊಂಡು ಬಾಲಿ ದ್ವೀಪಕ್ಕೆ ಹೋದರು. ಇಬ್ಬರೂ ಮಾನವಶಾಸ್ತ್ರಜ್ಞರು. ಅಲ್ಲಿಂದ ಸುಮಾರು 25 ಸಾವಿರ ಫೋಟೊ ಮತ್ತು 22 ಸಾವಿರ ಅಡಿ ಫಿಲಂ ತಂದರು. ಇದಕ್ಕೆಲ್ಲ ದುಡ್ಡು ಕೊಟ್ಟವರು ಯಾರು ಅಂತ ಗೊತ್ತಾದಾಗ ನನಗೆ ಆಶ್ಚರ್ಯ ಆಯಿತು. ಸ್ಕಿಜೋಫ್ರೇನಿಯಾ ಬಗ್ಗೆ ಸಂಶೋಧನೆ ಮಾಡಿಸುತ್ತಿದ್ದ ಅಮೆರಿಕದ ಒಂದು ಸಮಿತಿ ಅವರ ಬೆನ್ನಿಗಿತ್ತು. ಅಂದರೆ ಜನರ ಬದುಕನ್ನು ಅವರ ಊರಲ್ಲೇ ಚಿತ್ರ ಮಾಡಿ ಮನಸ್ಸಿನ ಕಾಯಿಲೆಯನ್ನು ಅರ್ಥ ಮಾಡಿಕೊಳ್ಳುವ ಆಸೆ ಇವತ್ತಿನದಲ್ಲ. ನಾನೂ ಅಂಥದ್ದೊಂದು ಚಿತ್ರ ಮಾಡಿದವಳು, ಕಾಯಿಲೆಯ ಹೆಸರನ್ನು ಅದರಲ್ಲಿ ಎಲ್ಲಿ ಇಡುವುದು ಅನ್ನುವುದೇ ನನಗೆ ದೊಡ್ಡ ತಲೆಬಿಸಿ ಆಯಿತು.

ಆ ಫಿಲಂನಿಂದ ಹೊರಬಂದ ‘ಟ್ರಾನ್ಸ್ ಅಂಡ್ ಡಾನ್ಸ್ ಇನ್ ಬಾಲಿ’ ಎಂಬ ಚಿಕ್ಕ ಚಿತ್ರವನ್ನು ನಾನು ಒಂದು ಕಮ್ಮಟದಲ್ಲಿ ನೋಡಿದೆ. ಮಾಟಗಾತಿ ಬರುತ್ತಾಳೆ, ಎದುರಿಗೆ ಒಂದು ದೊಡ್ಡ ವಿಚಿತ್ರ ಪ್ರಾಣಿ ಬರುತ್ತದೆ, ಕ್ರಿಸ್ ಎಂಬ ಕಠಾರಿ ಹಿಡಿದವರು ಮೈಮೇಲೆ ಬಂದು ಅದನ್ನು ತಮ್ಮ ಎದೆಗೇ ಒತ್ತಿಕೊಳ್ಳುತ್ತಾರೆ. ಬೆಂಗಳೂರು ಕಡೆಯಿಂದ ಬಂದವರು ಬಾಯಿ ಬಿಟ್ಟು ನೋಡುತ್ತಿದ್ದರು. ಕರಾವಳಿಯ ನಾವು ಕೆಲವರು ಪರಸ್ಪರ ಮುಖ ನೋಡಿಕೊಂಡೆವು. ಮೈಮೇಲೆ ಬರುವ ಆವೇಶ, ದರ್ಶನ ಎಲ್ಲ ನೋಡಿಯೇ ಬೆಳೆದವರಲ್ವಾ ನಾವು!

ಆಮೇಲೆ ಕಮ್ಮಟ ನಡೆಸುತ್ತಿದ್ದವರು ಒಂದು ವಿಷಯ ಹೇಳಿದರು. ಆ ಆಟ ರಾತ್ರಿ ನಡೆಯುವಂಥದ್ದು. ಕ್ಯಾಮೆರಾಕ್ಕೆ ಬೆಳಕು ಬೇಕಲ್ಲ, ಹಾಗಾಗಿ ಹಗಲಲ್ಲಿ ಆಡಿಸಿದರು. ರಾತ್ರಿ ಆವೇಶ ಬರುತ್ತಿದ್ದದ್ದು ವಯಸ್ಸಾದ ಹೆಂಗಸರಿಗೆ. ಹಗಲಿನ ಚಿತ್ರೀಕರಣಕ್ಕೆ ಅವರ ಜಾಗದಲ್ಲಿ ಚೆಂದದ ಹುಡುಗಿಯರು ಬಂದರು. ಇದನ್ನು ಮೀಡ್ ಅವರೇ ಮುಂದೆ ಬರೆದಿದ್ದಾರಂತೆ. ನನ್ನ ತಲೆಯಲ್ಲಿ ಉಳಿದದ್ದು ಕಠಾರಿಯಲ್ಲ, ಆ ಮುದುಕಿಯರು. ಅವರು ಅವತ್ತು ಎಲ್ಲಿ ಕೂತಿದ್ದರು?

ನಾನು ದಕ್ಷಿಣ ಕನ್ನಡದಲ್ಲಿ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್. ಮಂಗಳವಾರ ತಾಲೂಕು ಆಸ್ಪತ್ರೆಯಲ್ಲಿ ನಡೆಯುವ ಮನೋಚೈತನ್ಯ ಕ್ಲಿನಿಕ್‌ನಲ್ಲಿ ಕೂರುತ್ತೇನೆ. ಉಳಿದ ದಿನ ಮಾತ್ರೆ ಬಿಟ್ಟವರ ಮನೆ ಹುಡುಕಿಕೊಂಡು ಹೋಗುತ್ತೇನೆ. ಕೇಸ್ ಶೀಟ್ ಬರೆದೂ ಬರೆದೂ ಬೇಜಾರಾಗಿತ್ತು. ಎಷ್ಟು ಬರೆದರೂ ಅದರಲ್ಲಿ ಇರುವುದು ಒಬ್ಬರೇ. ಆದರೆ ಕಾಯಿಲೆ ಬಂದರೆ ಇಡೀ ಮನೆಯ ದಿನಚರಿಯೇ ಬದಲಾಗುತ್ತದೆ. ಅಡುಗೆ ಯಾರು ಮಾಡಬೇಕು, ಬಾಗಿಲ ಹತ್ತಿರ ಯಾರು ಮಲಗಬೇಕು, ದುಡ್ಡು ಎಲ್ಲಿ ಇಡಬೇಕು, ಎಲ್ಲ. ಅದನ್ನು ಬರೆಯಲು ಶೀಟ್‌ನಲ್ಲಿ ಕಾಲಂ ಇಲ್ಲ. ಹಾಗಾಗಿ ಒಂದು ಚಿತ್ರ ಮಾಡಬೇಕು ಅನ್ನಿಸಿತು.

ಯಾರ ಚಿತ್ರ ಅನ್ನುವುದು ಮೊದಲೇ ಮನಸ್ಸಿನಲ್ಲಿತ್ತು. ಅವರನ್ನು ಇಲ್ಲಿ ಅಕ್ಕ ಅಂತಲೇ ಕರೆಯುತ್ತೇನೆ. ಹೆಸರು, ಊರು ಬೇಡ. ಬೀಡಿ ಕಟ್ಟುತ್ತಾರೆ. ಬೈಪೋಲಾರ್ ಕಾಯಿಲೆ ಉಂಟು, ಅಂದರೆ ಮನಸ್ಸು ಕೆಲವು ಸಮಯ ಅತಿಯಾಗಿ ಏರುತ್ತದೆ, ಕೆಲವು ಸಮಯ ಕುಸಿಯುತ್ತದೆ. ಅದಕ್ಕೆ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಾರೆ. ಹಾಗೆಯೇ ವರ್ಷಕ್ಕೊಮ್ಮೆ ಹುಣ್ಣಿಮೆ ರಾತ್ರಿ ಸಿರಿ ಜಾತ್ರೆಗೆ ಹೋಗುತ್ತಾರೆ. ಅಲ್ಲಿ ಅವರಿಗೆ ದರ್ಶನ ಬರುತ್ತದೆ.

ಸಿರಿ ಜಾತ್ರೆ ನೋಡದವರಿಗೆ ಸ್ವಲ್ಪ ಹೇಳಬೇಕು. ಸಿರಿ ತುಳು ಪಾಡ್ದನದ, ಅಂದರೆ ಹಾಡಿ ಹೇಳುವ ಕಥೆಯ ಹೆಣ್ಣು. ಗಂಡನ ನಡತೆ ಸರಿಯಿಲ್ಲ ಅಂತ ಅವನನ್ನು ಬಿಟ್ಟು, ಮಗು ಕುಮಾರನನ್ನು ಎತ್ತಿಕೊಂಡು ಹೊರಟವಳು. ಅವಳ ಮಗಳು ಸೊನ್ನೆ. ಸೊನ್ನೆಯ ಅವಳಿ ಮಕ್ಕಳು ಅಬ್ಬಗ ಮತ್ತು ದಾರಗ. ಆ ಹುಡುಗಿಯರು ಚೆನ್ನೆಮಣೆ ಆಡುತ್ತ ಜಗಳಕ್ಕೆ ಬಿದ್ದು ಸಾಯುವ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಮತ್ತು ಅವರ ತಂಡ 1990ರಲ್ಲಿ ಪಾಡ್ದನ ಹಾಡುವ ಗೋಪಾಲ ನಾಯ್ಕರ ಬಾಯಿಂದ ಬರೆದುಕೊಂಡ ಸಿರಿ ಪಾಡ್ದನ 15,683 ಸಾಲು. ಸಿರಿ ಜಾತ್ರೆ ನಡೆಯುವ ದೈವಸ್ಥಾನಗಳಿಗೆ ಆಲಡೆ ಅನ್ನುತ್ತಾರೆ. ನಂದಳಿಕೆ, ಕವತ್ತಾರು ಮುಂತಾದ ಆಲಡೆಗಳಲ್ಲಿ ಜಾತ್ರೆಯ ರಾತ್ರಿ ನೂರಾರು ಹೆಂಗಸರು ಹಿಂಗಾರ, ಅಂದರೆ ಅಡಿಕೆಯ ಹೂಗೊಂಚಲು, ಹಿಡಿದು ಕೂರುತ್ತಾರೆ. ಮೈಮೇಲೆ ಬರುವುದು ಈ ಕಥೆಯ ಹೆಣ್ಣುಗಳೇ. ಅವರನ್ನು ಮಾತಾಡಿಸುವವರು ಮೈಮೇಲೆ ಕುಮಾರ ಬಂದ ಗಂಡಸರು. ಅಮೆರಿಕದ ಮಾನವಶಾಸ್ತ್ರಜ್ಞ ಪೀಟರ್ ಕ್ಲಾಸ್ ಇದರ ಬಗ್ಗೆ 1970ರ ದಶಕದಲ್ಲೇ ಬರೆದಿದ್ದಾರೆ. ಮನೆಯಲ್ಲಿ ಒಬ್ಬ ಹೆಂಗಸಿಗೆ ಏನೋ ತೊಂದರೆ ಶುರುವಾಗುತ್ತದೆ, ಮನೆಯವರು ಆಲಡೆಗೆ ಕರೆದುಕೊಂಡು ಬರುತ್ತಾರೆ, ಕುಮಾರ ‘ನೀನು ಯಾರು’ ಅಂತ ಕೇಳುತ್ತಾನೆ. ಬಂದವರು ಹೆಸರು ಹೇಳಿದ ಮೇಲೆ ಮನೆಯವರ ಜೊತೆ ಒಂದು ಮಾತುಕತೆ ಆಗುತ್ತದೆ. ಆಮೇಲೆ ಆ ಹೆಂಗಸು ವರ್ಷ ವರ್ಷ ಬರುತ್ತಾಳೆ.

ಚಿತ್ರ ಮಾಡುವ ಮಾತೆತ್ತಿದ ಕೂಡಲೇ, ಇಂಥ ಕೆಲಸದಿಂದ ರೋಗಿಗೆ ಅನ್ಯಾಯ ಆಗದಂತೆ ನೋಡುವ ಎಥಿಕ್ಸ್ ಕಮಿಟಿ ಎದುರು ಬಂತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ, ಚಿಕಿತ್ಸೆಯಲ್ಲಿರುವವರ ಫೋಟೊವಾಗಲಿ ಬೇರೆ ಮಾಹಿತಿಯಾಗಲಿ ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ. ಅದು ಸರಿಯೇ. ಕಮಿಟಿಯವರ ಪ್ರಶ್ನೆ ಇನ್ನೂ ಗಟ್ಟಿ ಇತ್ತು. ‘ಚೆನ್ನಾಗಿರುವಾಗ ಹೂಂ ಅಂದವರು, ಮನಸ್ಸು ಏರಿದ ಮೇನಿಯಾದಲ್ಲಿ ಏನು ಹೇಳಿದರೂ ಹೂಂ ಅನ್ನಬಹುದು. ಯಾವ ಒಪ್ಪಿಗೆಯನ್ನು ಒಪ್ಪಿಗೆ ಅಂತ ಇಟ್ಟುಕೊಳ್ಳುತ್ತೀರಿ?’ ಕೊನೆಗೆ ಆದ ತೀರ್ಮಾನ ಹೀಗೆ. ಚೆನ್ನಾಗಿರುವಾಗ ಕೇಳುವುದು, ಹುಷಾರಿಲ್ಲದಾಗ ಕ್ಯಾಮೆರಾ ಆಫ್, ಶೂಟ್ ಮಾಡಿದ್ದನ್ನೆಲ್ಲ ಆಮೇಲೆ ತೋರಿಸಿ ಮತ್ತೆ ಕೇಳುವುದು. ದರ್ಶನವನ್ನು ಹುಷಾರಿಲ್ಲದ್ದು ಅಂತ ಲೆಕ್ಕ ಹಾಕಬೇಕಾ ಎಂದು ಒಬ್ಬರು ಕೇಳಿದರು. ತುಂಬಾ ಹೊತ್ತು ಚರ್ಚೆ ಆಯಿತು. ನಿಮ್ಹಾನ್ಸ್‌ನವರೂ ಸೇರಿ ಮಾಡಿದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಗಿತ್ತು, ಅದನ್ನು ನಾನು ಮುಂದಿಟ್ಟೆ. ತಮಿಳುನಾಡಿನ ಒಂದು ದೇವಸ್ಥಾನದಲ್ಲಿ ಉಳಿದುಕೊಂಡಿದ್ದ 31 ಜನರನ್ನು ಅವರು ನೋಡಿದ್ದರು. ಬಹುತೇಕ ಎಲ್ಲರಿಗೂ ಗಂಭೀರ ಕಾಯಿಲೆಯೇ. ಸರಾಸರಿ ಆರು ವಾರದಲ್ಲಿ ಲಕ್ಷಣಗಳು ಸುಮಾರು ಶೇಕಡಾ 20ರಷ್ಟು ಇಳಿದಿದ್ದವು. ದೇವರು ವಾಸಿ ಮಾಡಿದ ಅಂತ ಅವರು ಬರೆಯಲಿಲ್ಲ. ಯಾರೂ ಬೈಯದ, ಓಡಿಸದ ಒಂದು ಜಾಗ ಸಿಕ್ಕಿದ್ದೂ ಕಾರಣ ಇರಬಹುದು ಎಂದರು. ಕಮಿಟಿಯಲ್ಲಿ ಎಲ್ಲರೂ ಒಪ್ಪಿದರು ಅಂತಲ್ಲ, ಅನುಮತಿ ಮಾತ್ರ ಸಿಕ್ಕಿತು.

ಮದುವೆ ವಿಡಿಯೋ ಮಾಡುವ ಗೆಳೆಯನೊಬ್ಬ ಕ್ಯಾಮೆರಾ ಕೊಟ್ಟ, ಎಡಿಟಿಂಗ್ ಅವನದೇ ಅಂತಾಯಿತು. ಮೊದಮೊದಲು ಕ್ಯಾಮೆರಾ ಇಲ್ಲದೆ ಹೋದೆ. ಜಗಲಿಯಲ್ಲಿ ಅಕ್ಕ ಮತ್ತು ಅವರ ಅತ್ತೆ ಎದುರುಬದುರು ಕೂತು ಬೀಡಿ ಕಟ್ಟುತ್ತಿರುತ್ತಾರೆ. ಮಡಿಲಲ್ಲಿ ತಡ್ಪೆ (ಮೊರ), ತಡ್ಪೆಯ ಒಂದು ಬದಿ ನೆನೆಸಿ ಕತ್ತರಿಸಿದ ಎಲೆ, ಇನ್ನೊಂದು ಬದಿ ಹೊಗೆಸೊಪ್ಪು. ಎಲೆ ತೆಗೆದು, ಚಿಟಿಕೆ ಹೊಗೆಸೊಪ್ಪು ಇಟ್ಟು, ಉರುಟಿಸಿ, ತುದಿ ಮಡಚಿ, ನೂಲು ಸುತ್ತುವುದು. ಮಾತು ಎಲ್ಲಿಗೆ ಹೋದರೂ ಕೈ ನಿಲ್ಲುವುದಿಲ್ಲ.

ಕಾಯಿಲೆ ಬರುವುದು ನಿಮಗೆ ಹೇಗೆ ಗೊತ್ತಾಗ್ತದೆ ಅಂತ ಅತ್ತೆಯ ಹತ್ತಿರ ಕೇಳಿದೆ. ನಮ್ಮ ಫಾರಂನಲ್ಲೂ ಇರುವ ಪ್ರಶ್ನೆ ಅದು. ನಿದ್ದೆ, ಸಿಟ್ಟು, ಜಾಸ್ತಿ ಮಾತು ಅಂತ ಉತ್ತರ ಬರಬಹುದು ಅಂದುಕೊಂಡಿದ್ದೆ. ಅವರು ಒಳಗೆ ಹೋಗಿ ಬೀಡಿ ಪುಸ್ತಕ ತಂದರು, ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚ್‌ನಲ್ಲಿ ದಿನದಿನದ ಲೆಕ್ಕ ಬರೆದುಕೊಡುವ ಪುಸ್ತಕ.

‘ಬೀಡಿ ಕಮ್ಮಿ ಆದ್ರೆ ನಮಗೆ ಹೆದರಿಕೆ ಇಲ್ಲ ಮಗಾ. ಜ್ವರ, ಸೊಂಟನೋವು ಏನಾದ್ರೂ ಇರ್ತದೆ. ಜಾಸ್ತಿ ಆದ್ರೆ ಹೆದರುವುದು.’

ದಿನಕ್ಕೆ ಏಳುನೂರು ಬೀಡಿ ಕಟ್ಟುವ ಅಕ್ಕ ಒಮ್ಮೆ ಇದ್ದಕ್ಕಿದ್ದಂತೆ ಒಂಬೈನೂರು, ಸಾವಿರ ಅಂತ ಏರಿದ್ದರು. ಇನ್ನೂ ಎಲೆ ಕೊಡಿ ಅಂತ ಬ್ರಾಂಚ್‌ನಲ್ಲಿ ಜಗಳ. ಅದರ ಮುಂದಿನ ಪುಟದಲ್ಲಿ ಚೆಕ್ಕರ್ ಆರಿಸಿ ಬಿಸಾಡಿದ ಬೀಡಿಯ ಲೆಕ್ಕವೂ ಏರಿತ್ತು. ನೂಲು ಸಡಿಲ, ತುದಿ ಬಿಚ್ಚಿಕೊಂಡದ್ದು. ಆಮೇಲೆ ಕೆಲವು ದಿನ ಪುಟ ಖಾಲಿ. ಆ ಖಾಲಿ ದಿನಗಳಲ್ಲಿ ಅಕ್ಕ ಎಲ್ಲಿದ್ದರು ಎನ್ನುವುದು ನನ್ನ ಕೇಸ್ ಶೀಟ್‌ನಲ್ಲಿ ಇತ್ತು, ವಾರ್ಡ್‌ನಲ್ಲಿ. ಅದಕ್ಕೆ ಮೊದಲಿನ ಆ ಏರುವ ದಿನಗಳು ನನ್ನಲ್ಲಿ ಎಲ್ಲೂ ಇರಲಿಲ್ಲ.

ಚಿತ್ರ ಸಿಕ್ಕಿತು ಅಂತ ಅನ್ನಿಸಿದ್ದು ಆಗಲೇ. ಕ್ಯಾಮೆರಾವನ್ನು ಜಗಲಿಯ ನೆಲದ ಮಟ್ಟಕ್ಕೆ ಇಟ್ಟು ಕೈಗಳನ್ನು ಶೂಟ್ ಮಾಡಲು ಶುರು ಮಾಡಿದೆ. ಗೆಳೆಯನಿಗೆ ಬೋರ್. ‘ಇಷ್ಟುದ್ದ ಬೀಡಿ ಯಾರು ನೋಡ್ತಾರೆ ಮಾರಾಯ್ತಿ, ಸ್ಲೋ ಮೋಷನ್ ಆದ್ರೂ ಹಾಕುವ’ ಅಂದ. ಮದುವೆ ವಿಡಿಯೋದವರ ಕಷ್ಟ ಅದು, ಸುಮ್ನೆ ನೋಡುವ ಶಾಟ್ ಅಂದರೆ ಅವರಿಗೆ ಕೈ ಕಟ್ಟಿ ಹಾಕಿದಂತೆ.

ಜಾತ್ರೆಯ ಬಗ್ಗೆ ಡಾಕ್ಟರಿಗೆ ಇದ್ದ ಚಿಂತೆ ಬೇರೆಯೇ. ದೈವ ದೇವರ ವಿಷಯಕ್ಕೆ ಅವರು ಹೋಗುವುದಿಲ್ಲ. ‘ದರ್ಶನ ಬರಲಿ, ಪರವಾಗಿಲ್ಲ. ಆದರೆ ರಾತ್ರಿ ಇಡೀ ನಿದ್ದೆಗೆಡುವುದು ಈ ಕಾಯಿಲೆಗೆ ಬಹಳ ಕೆಟ್ಟದ್ದು. ಒಂದು ರಾತ್ರಿಯಿಂದಲೇ ಮೇನಿಯಾ ಶುರು ಆಗಬಹುದು. ಇನ್ನೊಂದು, ಉಪವಾಸ ಅಂತ ನೀರೂ ಬಿಡಬಾರದು. ಬೆವರಿ, ನೀರು ಕಮ್ಮಿ ಆದರೆ ಲಿಥಿಯಂ ರಕ್ತದಲ್ಲಿ ಏರುತ್ತದೆ.’ ಇದನ್ನು ಅಕ್ಕನ ಮನೆಯವರು ಕೇಳಿ ತಲೆಯಾಡಿಸಿದರು. ಮನೆಗೆ ಹೋಗಿ ನೋಡಿದರೆ ಅತ್ತೆ ತಮ್ಮದೇ ವ್ಯವಸ್ಥೆ ಮಾಡಿದ್ದರು. ಜಾತ್ರೆಯ ದಿನ ಮಧ್ಯಾಹ್ನ ಅಕ್ಕ ಮಲಗಲೇಬೇಕು, ಬೀಡಿ ತಡ್ಪೆ ಮುಟ್ಟುವಂತಿಲ್ಲ. ಎಳನೀರು ಕುಡಿಯಬಹುದು. ಬೆಳಿಗ್ಗೆ ಬಂದ ಮೇಲೆ ಕಿಟಕಿಗೆ ಚಾಪೆ ಅಡ್ಡ ಕಟ್ಟಿ ಕೋಣೆ ಕತ್ತಲೆ ಮಾಡುವುದು, ಬಾಗಿಲಲ್ಲಿ ತಾವು ಕೂರುವುದು. ಡಾಕ್ಟರ್ ಹೇಳುವ ಮೊದಲಿಂದಲೂ ಹೀಗೆಯೇ ಅಂತೆ. ಆ ಚಾಪೆ ಕಟ್ಟುವ ಶಾಟ್ ನನಗೆ ಇಡೀ ಚಿತ್ರದಲ್ಲಿ ಇಷ್ಟ.

ಜಾತ್ರೆಯಲ್ಲಿ ಶೂಟಿಂಗ್ ಸುಲಭ ಇರಲಿಲ್ಲ. ಆಡಳಿತದವರ ಅನುಮತಿ ಇತ್ತು, ಆದರೆ ಅಕ್ಕನ ಸುತ್ತ ಕೂತ ಉಳಿದ ಹೆಂಗಸರ ಒಪ್ಪಿಗೆ ಎಲ್ಲಿಂದ ತರುವುದು? ಸುತ್ತ ನಿಂತವರೆಲ್ಲ ಮೊಬೈಲ್ ಎತ್ತಿ ಹಿಡಿದಿದ್ದರು ನಿಜ. ಅವರು ಮಾಡುತ್ತಾರೆ ಅಂತ ನಾನೂ ಮಾಡುವುದು ಸರಿ ಕಾಣಲಿಲ್ಲ. ದೂರದ ದೊಡ್ಡ ಶಾಟ್ ಬಿಟ್ಟೆ. ಟ್ಯೂಬ್‌ಲೈಟ್ ಬೆಳಕಿಗೆ ಚಿತ್ರ ಮಿಣುಕದ ಹಾಗೆ ಶಟರ್ 50ಕ್ಕೆ ಇಟ್ಟು, ಅಕ್ಕ ಮತ್ತು ಅವರ ಮನೆಯವರಷ್ಟೇ ಬರುವಂತೆ ಹತ್ತಿರ ಕೂತೆ. ಹಿನ್ನೆಲೆಯಲ್ಲಿ ಡೆನ್ನಾನ ಡೆನ್ನಾನ ಅಂತ ಪಾಡ್ದನ ಏಳುತ್ತಾ ಹೋಯಿತು. ಅಕ್ಕನ ತಲೆ ತೂಗಲು ಶುರುವಾಯಿತು, ಜಡೆ ಬಿಚ್ಚಿತು, ಹಿಂಗಾರದ ಅಕ್ಕಿಯಂಥ ಹೂವು ನನ್ನ ಲೆನ್ಸ್ ಮೇಲೆಲ್ಲ ಬಿತ್ತು. ಹತ್ತಿರ ನಿಂತ ನಾದಿನಿ ಅಕ್ಕನ ಸೆರಗನ್ನು ಮತ್ತೆ ಮತ್ತೆ ಸರಿ ಮಾಡುತ್ತಿದ್ದಳು.

ಕುಮಾರ ಬಂದು ಕೇಳಿದ. ಅಬ್ಬಗ ಅಂತ ಉತ್ತರ ಬಂತು. ಆಮೇಲೆ ಅವನು ತಿರುಗಿದ್ದು ಅತ್ತೆಯ ಕಡೆಗೆ. ಕೊಟ್ಟ ಮಾತು ನಡೆಸಿಕೊಂಡು ಬಂದಿದ್ದೀರಾ ಅಂತ. ಸೊಸೆಯಾಗಿ ಬಂದ ಹೊಸತರಲ್ಲಿ ಅಕ್ಕನಿಗೆ ತವರಿಗೆ ಹೋಗಲು ಬಿಡುತ್ತಿರಲಿಲ್ಲವಂತೆ. ಮೊದಲ ವರ್ಷದ ಮಾತುಕತೆಯಲ್ಲಿ ಅದು ಎದ್ದು ಬಂತು. ವರ್ಷಕ್ಕೊಮ್ಮೆ ಆಲಡೆಗೆ ಕರೆತರಬೇಕು, ಹೊಸ ಸೀರೆ ಕೊಡಬೇಕು, ಹಬ್ಬಕ್ಕೆ ತವರಿಗೆ ಕಳಿಸಬೇಕು ಅಂತ ಎಲ್ಲರೆದುರು ಒಪ್ಪಿಸಿದ್ದರು. ಅತ್ತೆ ಈಗ ಕೈ ಮುಗಿದು ಹೌದು ಅಂದರು. ಅಷ್ಟು ಹೊತ್ತು ಅಕ್ಕನ ಮೇಲಿದ್ದ ಕ್ಯಾಮೆರಾ ತಾನಾಗಿ ಅತ್ತೆಯ ಮುಖಕ್ಕೆ ಹೋಗಿತ್ತು. ಊರವರ ಎದುರು ಉತ್ತರ ಕೊಡಬೇಕಾದ ಒಬ್ಬ ಯಜಮಾನಿಯ ಮುಖ. ಲಿಥಿಯಂ ಕೊಡುವ ನಾವು ಆ ಪ್ರಶ್ನೆಯನ್ನು ಯಾವತ್ತೂ ಅವರಿಗೆ ಕೇಳಿಲ್ಲ. ಕೇಳಿದ್ದರೂ ಅವರು ಉತ್ತರ ಕೊಡಬೇಕು ಅಂತೇನೂ ಇರಲಿಲ್ಲ.

ನಿಜವಾದ ತಲೆಬಿಸಿ ಶುರುವಾದದ್ದು ಎಡಿಟಿಂಗ್‌ನಲ್ಲಿ. ಬೈಪೋಲಾರ್ ಅನ್ನುವ ಹೆಸರನ್ನು ಎಲ್ಲಿ ಇಡುವುದು?

ಮೊದಲಿಗೇ ಡಾಕ್ಟರ್ ಮಾತು ಇಟ್ಟು ಗೆಳೆಯರಿಗೆ ತೋರಿಸಿದೆವು. ನೋಡಿದವರು ಅಲ್ಲಿಂದ ಮುಂದೆ ಲಕ್ಷಣ ಹುಡುಕಲು ಶುರು ಮಾಡಿದರು. ಅಕ್ಕ ನಕ್ಕರೆ ‘ಇದು ಮೇನಿಯಾ ಅಲ್ವಾ’, ಸುಮ್ಮನಿದ್ದರೆ ‘ಡಿಪ್ರೆಷನ್’. ಜಾತ್ರೆಯನ್ನು ಮೊದಲಿಗೆ ಇಟ್ಟರೆ ಅವರಿಗೆ ಉಳಿದ ಚಿತ್ರವೇ ಬೇಡ, ದರ್ಶನದ ಮೈನವಿರೇಳುವ ಶಾಟ್‌ಗಳೇ ಸಾಕು. ಇದೇ ತೊಡಕು ಹಳೆಯವರಿಗೂ ಇತ್ತು. ಫ್ರಾನ್ಸಿನ ಮಾನವಶಾಸ್ತ್ರಜ್ಞ ಝಾನ್ ರೂಷ್ 1950ರ ದಶಕದಲ್ಲಿ ಆಫ್ರಿಕಾದ ಆಕ್ರಾದಲ್ಲಿ ತೆಗೆದ ‘ಲೆ ಮೆತ್ರ್ ಫೂ’ ಚಿತ್ರದಲ್ಲಿ ಕೂಲಿಗಳ ಮೈಮೇಲೆ ಬಿಳಿ ಅಧಿಕಾರಿಗಳ ಆತ್ಮ ಬರುತ್ತದೆ, ಬಾಯಲ್ಲಿ ನೊರೆ. ಮರುದಿನ ಅದೇ ಜನ ಹುಚ್ಚಾಸ್ಪತ್ರೆಯ ಎದುರು ನಗುತ್ತಾ ಗುಂಡಿ ತೋಡುತ್ತಿರುತ್ತಾರೆ. ತಲೆ ಕೆಡದಿರುವ ಮದ್ದು ಇವರಿಗೆ ಗೊತ್ತಿರಬಹುದೇನೋ ಅನ್ನುತ್ತಾರೆ ರೂಷ್. ಮಾತೇನೋ ಚೆನ್ನಾಗಿದೆ. ಆದರೆ ಆ ಕೂಲಿಗಳ ಮನೆ ಎಲ್ಲಿ, ಹೆಂಡತಿ ಮಕ್ಕಳು ಏನಂತಾರೆ ಎನ್ನುವುದು ನಮಗೆ ಗೊತ್ತಾಗುವುದೇ ಇಲ್ಲ. ನನಗೆ ಅದೊಂದು ಕೊರತೆ ಅನ್ನಿಸುತ್ತದೆ.

ನನಗೆ ದಾರಿ ತೋರಿಸಿದ್ದು ಮತ್ತೆ ಬಾಲಿಯೇ. ರಾಬರ್ಟ್ ಲೆಮೆಲ್‌ಸನ್ ಎಂಬ ಮಾನವಶಾಸ್ತ್ರಜ್ಞ ಇಂಡೋನೇಷ್ಯಾದಲ್ಲಿ ‘ಅಫ್ಲಿಕ್ಷನ್ಸ್’ ಅಂತ ಆರು ಚಿತ್ರಗಳ ಸರಣಿ ಮಾಡಿದ್ದಾರೆ. ಅದೇ ಜನರ ಮನೆಗೆ ವರ್ಷಗಟ್ಟಲೆ ಮತ್ತೆ ಮತ್ತೆ ಹೋಗಿ ತೆಗೆದದ್ದು. ಒಂದರಲ್ಲಿ ಬಾಲಿಯ ಹಳ್ಳಿಯ ಒಬ್ಬನಿಗೆ ಕಣ್ಣಿಗೆ ಕಾಣದ ಜನ ಕಾಣಿಸುತ್ತಾರೆ. ಸೈಕೋಸಿಸ್ ಅಂದುಬಿಡಬಹುದು. ನಿಧಾನವಾಗಿ ಗೊತ್ತಾಗುತ್ತದೆ, ಅವನು ಹುಡುಗನಾಗಿದ್ದಾಗ 1965ರ ಹತ್ಯಾಕಾಂಡವನ್ನು ಕಣ್ಣಾರೆ ಕಂಡವನು. ಆ ಹೊತ್ತಿಗೆ ಬಾಲಿಯಲ್ಲೇ ಸುಮಾರು 80 ಸಾವಿರ ಜನ ಸತ್ತರು ಅಂತ ಅಂದಾಜು. ಇನ್ನೊಂದರಲ್ಲಿ ಟುರೆಟ್ ಸಿಂಡ್ರೋಮ್ ಇರುವ ಒಬ್ಬ ಹೆಣ್ಣುಮಗಳು, ಮೈ ತಾನಾಗಿ ಜಗ್ಗುತ್ತದೆ, ಬೇಡವೆಂದರೂ ಬಾಯಿಂದ ಶಬ್ದ ಬರುತ್ತದೆ. ಮಂತ್ರ ಹಾಕುವವರೂ ಆಯಿತು, ಡಾಕ್ಟರೂ ಆಯಿತು. ಅವಳಿಗೆ ಜಾಸ್ತಿ ನೋವಾಗುವುದು ಜಗ್ಗುವುದರಿಂದ ಅಲ್ಲ, ಮನೆಯವರು ನಾಚಿಕೆ ಪಡುವುದರಿಂದ. ಕಾಯಿಲೆಗೆ ಹೆಸರು ಸಿಕ್ಕಿದ ಮಾತ್ರಕ್ಕೆ ಆ ನಾಚಿಕೆ ಹೋಗುವುದಿಲ್ಲ. ಇಲ್ಲಿ ಡಾಕ್ಟರ ಮಾತು ಇದೆ. ಆದರೆ ಅದು ತೀರ್ಪಿನ ಹಾಗೆ ಕೇಳುವುದಿಲ್ಲ, ಮನೆಗೆ ಬಂದುಹೋಗುವ ಮಾತುಗಳಲ್ಲಿ ಒಂದರ ಹಾಗೆ ಕೇಳುತ್ತದೆ.

ಹಾಗಾಗಿ ನಾವು ಬೀಡಿ ಪುಸ್ತಕದಿಂದ ಶುರು ಮಾಡಿದೆವು. ಲೆಕ್ಕ ಏರುತ್ತದೆ, ಅತ್ತೆ ಹೆದರುತ್ತಾರೆ, ಜಾತ್ರೆ ಬರುತ್ತದೆ, ಕಿಟಕಿಗೆ ಚಾಪೆ. ಆಮೇಲೆ ಮಂಗಳವಾರದ ಕ್ಯೂ, ಮಾತ್ರೆಯ ಪಟ್ಟಿ, ರಾತ್ರಿಯ ಮಾತ್ರೆಯಿಂದ ಹನ್ನೆರಡು ಗಂಟೆ ಬಿಟ್ಟು ರಕ್ತ ಪರೀಕ್ಷೆಗೆ ಬರಬೇಕಾದ್ದರಿಂದ ಹಿಡಿದ ಮೊದಲ ಬಸ್ಸು. ಬೈಪೋಲಾರ್ ಅನ್ನುವ ಶಬ್ದ ಬರುವುದು ಇಪ್ಪತ್ತು ನಿಮಿಷ ಕಳೆದ ಮೇಲೆ. ಅಷ್ಟರಲ್ಲಿ ನೋಡುವವರಿಗೆ ಅಕ್ಕ ಪರಿಚಯ ಆಗಿರುತ್ತಾರೆ.

ಇನ್ನು ಅಕ್ಕನಿಗೆ ತೋರಿಸುವುದಿತ್ತು. ಇದಕ್ಕೂ ಬಾಲಿಯಲ್ಲಿ ಮಾದರಿ ಇದೆ. ಟಿಮೊಥಿ ಆಶ್, ಪ್ಯಾಟ್ಸಿ ಆಶ್ ಮತ್ತು ಲಿಂಡಾ ಕಾನರ್ ಅಲ್ಲಿನ ಒಬ್ಬ ವೈದ್ಯಗಾತಿಗೆ ಮೈಮೇಲೆ ಬಂದದ್ದನ್ನು ಚಿತ್ರ ಮಾಡಿ, ಆಮೇಲೆ ಅವಳಿಗೇ ತೋರಿಸಿ, ಅವಳು ನೋಡುವುದನ್ನೂ ಇನ್ನೊಂದು ಚಿತ್ರ ಮಾಡಿದ್ದರು. ನಾವು ಅಷ್ಟೆಲ್ಲ ಮಾಡಲಿಲ್ಲ. ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟೆವು, ಮನೆಯವರೆಲ್ಲ ಕೂತರು. ದರ್ಶನದ ಭಾಗ ಬಂದಾಗ ನಾನು ಉಸಿರು ಬಿಗಿ ಹಿಡಿದಿದ್ದೆ. ಅಕ್ಕ ನೆಟ್ಟಗೆ ಕೂತು ನೋಡಿದರು. ‘ಸೀರೆ ಲಾಯಿಕ್ ಕಾಣ್ತದೆ’ ಅಂದರು, ಅಷ್ಟೇ.

ಅವರು ಬೇಡ ಅಂದದ್ದು ಮಾತ್ರೆಯ ಶಾಟ್.

‘ಅಬ್ಬಗ ಬರುವುದು ಇಡೀ ಊರು ನೋಡ್ತದೆ ಮೇಡಂ, ಅದರಲ್ಲಿ ಎಂತ ಉಂಟು? ಮಾತ್ರೆ ಮಾತ್ರ ಬೇಡ. ಮಗಳಿಗೆ ಹುಡುಗ ನೋಡ್ತಿದ್ದೇವೆ.’

ಅತ್ತೆ ಒಪ್ಪಲಿಲ್ಲ. ಮಾತ್ರೆ ತೆಗೆದರೆ ಜಾತ್ರೆಗೆ ಹೋದದ್ದರಿಂದಲೇ ಸರಿಯಾಯಿತು ಅಂತ ಜನ ತಿಳಿದುಕೊಳ್ಳುತ್ತಾರೆ, ಅದು ಸುಳ್ಳಾಗ್ತದೆ ಅಂತ ಅವರ ವಾದ. ನನ್ನ ತಲೆಯಲ್ಲೂ ಅದೇ ಇತ್ತು. ನೋಡಿದವರು ಯಾರಾದರೂ ಲಿಥಿಯಂ ಬಿಟ್ಟು ಆಲಡೆಗೆ ಹೊರಟರೆ? ಆದರೆ ಚಿತ್ರ ಯಾರದ್ದೋ ಅವರ ಮಾತೇ ಮುಖ್ಯ, ಹಾಗಂತ ನಾವೇ ಕಾಗದದಲ್ಲಿ ಬರೆದುಕೊಟ್ಟಿದ್ದೆವು. ಅತ್ತೆ ಸೊಸೆ ಇಬ್ಬರೂ ಬೀಡಿ ಕಟ್ಟುತ್ತಲೇ ಒಂದಷ್ಟು ಹೊತ್ತು ವಾದ ಮಾಡಿಕೊಂಡರು. ಕೊನೆಗೆ ದಾರಿ ಹೇಳಿದ್ದು ಅಕ್ಕನೇ. ‘ಊರವರಿಗೆ, ಮೊಬೈಲ್‌ಗೆ ಕೊಡುವುದು ಬೇಡ. ನರ್ಸ್‌ಗಳಿಗೆ, ಆಶಾದವರಿಗೆ ತೋರಿಸುವುದಾದ್ರೆ ಮಾತ್ರೆ ಇರಲಿ. ನಮ್ಮ ತಾಲೂಕಿನವರು ಬೇಡ.’

ಹಾಗೆಯೇ ಮಾಡುತ್ತಿದ್ದೇವೆ. ಚಿತ್ರ ಯಾರಿಗೂ ಕಾಪಿ ಕೊಡುವುದಿಲ್ಲ, ಹಾರ್ಡ್ ಡಿಸ್ಕ್ ಹಿಡಿದುಕೊಂಡು ನಾನೇ ಹೋಗುತ್ತೇನೆ. ಸಿನಿಮಾ ಅಂದರೆ ಸಾವಿರ ಜನ ನೋಡಬೇಕು ಅಂತ ಗೆಳೆಯನಿಗೆ ಬೇಸರ ಉಂಟು. ಬೇರೆ ಜಿಲ್ಲೆಯ ಆಶಾ ಕಾರ್ಯಕರ್ತೆಯರಿಗೆ ತೋರಿಸಿದಾಗ ದರ್ಶನದ ಬಗ್ಗೆ ಯಾರೂ ಜಾಸ್ತಿ ಕೇಳಲಿಲ್ಲ. ಅವರ ಕಡೆ ಬೀಡಿ ಇಲ್ಲ. ಹಾಗಾದರೆ ನಮ್ಮಲ್ಲಿ ಯಾವ ಪುಸ್ತಕ ನೋಡಬಹುದು ಅಂತ ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಹಾಲಿನ ಡೇರಿ ಪುಸ್ತಕ ಅಂದರು ಒಬ್ಬರು. ಇನ್ನೊಬ್ಬರು ಅಂಗಡಿಯ ಸಾಲದ ಪುಸ್ತಕ, ಮತ್ತೊಬ್ಬರು ಸ್ವಸಹಾಯ ಸಂಘದ ಹಾಜರಿ. ಮೆಡಿಕಲ್ ವಿದ್ಯಾರ್ಥಿಗಳಿಗೆ ತೋರಿಸಿದ ಕಡೆ ಮಾತ್ರ ಹತ್ತು ನಿಮಿಷಕ್ಕೇ ಒಬ್ಬ ಕೈ ಎತ್ತಿ ಡಯಾಗ್ನೋಸಿಸ್ ಏನು ಅಂತ ಕೇಳಿದ. ಬರ್ತದೆ, ಕೂತ್ಕೋ ಅಂದೆ.

ಬರುವ ಹುಣ್ಣಿಮೆಗೂ ಅಕ್ಕ ಹೋಗುತ್ತಾರೆ. ಈ ಸಲ ಕ್ಯಾಮೆರಾ ಬೇಡ ಅಂದಿದ್ದಾರೆ. ಮಗಳ ಸಂಬಂಧ ಹೆಚ್ಚುಕಡಿಮೆ ಕುದುರಿದೆ, ಹುಡುಗನ ಕಡೆಯವರೂ ಜಾತ್ರೆಗೆ ಬರುವವರಿದ್ದಾರಂತೆ.